ಮುಳುಗಿದ ಅಂಗಡಿಗಳ ಲೆಕ್ಕ

1999ರ ಜೂನ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಮನೆಗಳಿಗೆ ವೆಬ್‌ವ್ಯಾನ್ ಎಂಬ ಕಂಪನಿ ದಿನಸಿ ತಲುಪಿಸತೊಡಗಿತು. ಇಂಟರ್‌ನೆಟ್‌ನಲ್ಲಿ ಆರ್ಡರ್ ಹಾಕಿದರೆ ಸಾಕು, ಗ್ರಾಹಕರೇ ಗೊತ್ತುಮಾಡಿದ ಅರ್ಧ ಗಂಟೆಯ ಅವಧಿಯಲ್ಲಿ ಹಾಲು, ಹಣ್ಣು, ಮೀನು ಎಲ್ಲವೂ ಬಾಗಿಲಿಗೆ ಬರುತ್ತಿದ್ದವು. ಮೊದಲ ಗಿರಾಕಿಗಳು ಮತ್ತೆ ಮತ್ತೆ ಕೊಳ್ಳುತ್ತಾರೋ ಇಲ್ಲವೋ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಅಷ್ಟರಲ್ಲೇ, ಮರುತಿಂಗಳು, ಬೆಕ್ಟೆಲ್ ಎಂಬ ನಿರ್ಮಾಣ ಸಂಸ್ಥೆಯೊಂದಿಗೆ 100 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ದೇಶದ ಉದ್ದಗಲಕ್ಕೆ 26 ಗೋದಾಮು ಕಟ್ಟುವುದು ಅದರ ಉದ್ದೇಶ.

2001ರ ಜುಲೈನಲ್ಲಿ ಕಂಪನಿ ದಿವಾಳಿ ಎದ್ದಿತು. ಸುಮಾರು 2,000 ಮಂದಿ ಕೆಲಸ ಕಳೆದುಕೊಂಡರು.

ವೆಬ್‌ವ್ಯಾನ್ ಕಥೆಯನ್ನು ‘ಡಾಟ್ ಕಾಂ ಗುಳ್ಳೆ ಒಡೆಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಓಕ್ಲೆಂಡಿನ ಅದರ ಮೊದಲ ಗೋದಾಮನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. 3,30,000 ಚದರಡಿಯ ಕಟ್ಟಡ. ಉದ್ದಕ್ಕೂ ಹರಿಯುವ ಕನ್ವೇಯರ್ ಪಟ್ಟಿಗಳು. ಅವುಗಳ ಮೇಲೆ ಒಬ್ಬರಿಂದ ಇನ್ನೊಬ್ಬರ ಬಳಿಗೆ ಸಾಗುವ ಪ್ಲಾಸ್ಟಿಕ್ ಪೆಟ್ಟಿಗೆಗಳು. ಇಷ್ಟು ಯಂತ್ರ ಕೂಡಿಸಿದ ಮೇಲೆ ಅದರ ಖರ್ಚು ದಿನಕ್ಕೆ ಸಾವಿರಾರು ಆರ್ಡರ್ ಬಂದರೆ ಮಾತ್ರ ಗಿಟ್ಟುತ್ತದೆ. ಬಂದ ಆರ್ಡರ್‌ಗಳು ಆ ಮಟ್ಟ ಮುಟ್ಟಲೇ ಇಲ್ಲ. ದಿನಸಿಯಲ್ಲಿ ಲಾಭದ ಅಂಚು ಮೊದಲೇ ತೆಳು. ನೂರು ರೂಪಾಯಿ ಮಾರಿದರೆ ಕೊನೆಗೆ ಕೈಗೆ ಹತ್ತುವುದು ಕೆಲವೇ ರೂಪಾಯಿ ಎಂಬುದು ನಮ್ಮ ಬೀದಿಯ ಕಿರಾಣಿ ಅಂಗಡಿಯವರಿಗೂ ಗೊತ್ತು. ವೆಬ್‌ವ್ಯಾನ್‌ಗೆ ಮೊದಲ ಊರಿನಲ್ಲೇ ನಷ್ಟವಾಗುತ್ತಿದ್ದಾಗ ಹೊಸ ಊರುಗಳಿಗೆ ಹೋದಷ್ಟೂ ನಷ್ಟವೂ ಹೆಚ್ಚಿತು. ಇದರ ನಡುವೆ ಮುಖ್ಯಸ್ಥ ಜಾರ್ಜ್ ಶಹೀನ್ ಅವರಿಗೆ ಬದುಕಿರುವವರೆಗೂ ವರ್ಷಕ್ಕೆ 3,75,000 ಡಾಲರ್ ಕೊಡುವ ಕರಾರು ಬೇರೆ ಇತ್ತು. ಕಂಪನಿಯೇ ಮುಳುಗಿದ ಮೇಲೆ ಅವರೂ ಬಾಕಿ ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕಾಯಿತು.

ಅಲ್ಲಿ ಕೆಲಸ ಮಾಡಿದ ಇಬ್ಬರ ಮುಂದಿನ ದಾರಿ ಕುತೂಹಲದ್ದು. ಮಿಕ್ ಮೌಂಟ್ಜ್ ತಲೆಗೆ ಹಚ್ಚಿಕೊಂಡದ್ದು ಒಂದೇ ಪ್ರಶ್ನೆ: ಒಂದು ಆರ್ಡರಿನ ಸಾಮಾನು ಆಯ್ದು ಜೋಡಿಸಲು ಇಷ್ಟೇಕೆ ಖರ್ಚು? ಕೆಲಸಗಾರರು ಕಪಾಟುಗಳ ಬಳಿಗೆ ಹೋಗುವ ಬದಲು ಕಪಾಟುಗಳೇ ಅವರ ಬಳಿಗೆ ಬಂದರೆ ಹೇಗೆ ಎಂಬ ಯೋಚನೆಯಿಂದ 2003ರಲ್ಲಿ ಅವರು ಕೀವಾ ಸಿಸ್ಟಮ್ಸ್ ಕಟ್ಟಿದರು. ನೆಲಮಟ್ಟದಲ್ಲಿ ಓಡಾಡುವ ಗಿಡ್ಡ ರೋಬಾಟುಗಳು ಇಡೀ ಕಪಾಟನ್ನು ಹೊತ್ತು ತರುತ್ತವೆ. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ವೆಬ್‌ವ್ಯಾನ್‌ನಲ್ಲೇ ಇದ್ದ ಡಗ್ ಹೆರಿಂಗ್ಟನ್ ಅಮೆಜಾನ್ ಸೇರಿ ಅಲ್ಲಿ ದಿನಸಿ ಸೇವೆ ಶುರುಮಾಡಿದರು. ಅಮೆಜಾನ್ ಫ್ರೆಶ್ 2007ರಲ್ಲಿ ಸಿಯಾಟಲ್ ಬಳಿ ಆರಂಭವಾಯಿತು. ಎರಡನೇ ಊರಾದ ಲಾಸ್ ಏಂಜಲೀಸ್‌ಗೆ ಕಾಲಿಟ್ಟದ್ದು 2013ರಲ್ಲಿ. ಒಂದೂರಿನಲ್ಲಿ ಆರು ವರ್ಷ! ಹಿಂದೆ ಎರಡು ತಿಂಗಳೂ ಕಾಯದ ಕಂಪನಿಯಿಂದ ಬಂದವರು ಈ ಸಲ ಆತುರಪಡಲಿಲ್ಲ.

ವೆಬ್‌ವ್ಯಾನ್ ಓಡತೊಡಗಿದ ಅದೇ 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಹುಟ್ಟಿತು. ವಿ.ಎಸ್. ಸುಧಾಕರ್, ಹರಿ ಮೆನನ್, ವಿಪುಲ್ ಪರೇಖ್, ಕೆ. ವೈದೀಶ್ವರನ್ ಮೊದಲಾದ ಆರು ಗೆಳೆಯರ ಸಾಹಸ ಅದು. ಮೊದಲು ಹಾಡಿನ ಕ್ಯಾಸೆಟ್, ಸಿ.ಡಿ.ಗಳು, ಆಮೇಲೆ ಪುಸ್ತಕ, ಮುಂದೆ ದಿನಸಿ. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಅದು ಕೀರಲು ದನಿ ಹೊರಡಿಸಿ ಸಂಪರ್ಕ ಸಿಗುವವರೆಗೆ ಕಾದು ಕೂರುತ್ತಿದ್ದ ಕಾಲ. ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ಅದರ ಅಂಕಿ ಟೈಪಿಸಲು ಅಂಜಿಕೆ. ಗೆಳೆಯರು ಹೆಚ್ಚು ಹಟ ಮಾಡಲಿಲ್ಲ. ಫ್ಯಾಬ್‌ಮಾಲ್ ಹೆಸರಿನಲ್ಲಿ ಬೀದಿಯ ಮೇಲೇ ಅಂಗಡಿ ತೆರೆದರು. ಆ ಅಂಗಡಿಗಳ ವ್ಯವಹಾರ ತ್ರಿನೇತ್ರ ಎಂಬ ಮಳಿಗೆ ಸರಣಿಯೊಂದಿಗೆ ಬೆರೆತು, 2007ರ ಹೊತ್ತಿಗೆ ಆದಿತ್ಯ ಬಿರ್ಲಾ ಸಮೂಹದ ಪಾಲಾಯಿತು. ಈಗಿನ ‘ಮೋರ್’ ಮಳಿಗೆಗಳ ಮೂಲಗಳಲ್ಲಿ ಅದೂ ಒಂದು.

ಆನ್‌ಲೈನ್ ಭಾಗವನ್ನು ಮಾತ್ರ ವೈದೀಶ್ವರನ್ ಕೈಬಿಡಲಿಲ್ಲ. ಇಂಡಿಯಾಪ್ಲಾಜಾ ಹೆಸರಿನಲ್ಲಿ ಅದನ್ನು ನಡೆಸಿದರು. 2010ರ ಸುಮಾರಿಗೆ, ಅವರು ದಶಕದಿಂದ ಕಾದಿದ್ದ ಗಿರಾಕಿಗಳು ಬಂದೇಬಿಟ್ಟರು. ಅವರ ಜೊತೆಗೇ ದೊಡ್ಡ ಹೂಡಿಕೆ ಬೆನ್ನಿಗಿದ್ದ ಸ್ಪರ್ಧಿಗಳೂ ಬಂದು ರಿಯಾಯಿತಿಯ ಮೇಲೆ ರಿಯಾಯಿತಿ ಸುರಿದರು. ಇಂಡಿಯಾಪ್ಲಾಜಾಕ್ಕೆ ಮುಂದಿನ ಕಂತಿನ ಬಂಡವಾಳ ಹುಟ್ಟಲಿಲ್ಲ, ಸರಬರಾಜುದಾರರ ಬಾಕಿ ಬೆಳೆಯಿತು, 2013ರಲ್ಲಿ ಬಾಗಿಲು ಹಾಕಬೇಕಾಯಿತು. ಆ ದಿನಗಳನ್ನು ಅವರು 2017ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಗೆದ್ದವರ ಆತ್ಮಕಥೆಗಳೇ ತುಂಬಿರುವ ಕಪಾಟಿನಲ್ಲಿ ಇಂಥದ್ದು ಅಪರೂಪ.

ಸುಧಾಕರ್, ಮೆನನ್, ಪರೇಖ್ ಮತ್ತಿತರರು 2011ರ ಡಿಸೆಂಬರ್‌ನಲ್ಲಿ ಬಿಗ್‌ಬಾಸ್ಕೆಟ್ ಶುರುಮಾಡಿದರು. ಅದೇ ಊರು, ಅದೇ ಅಕ್ಕಿ-ಬೇಳೆ. ಈ ನಡುವೆ ಅವರು ಅಂಗಡಿ ನಡೆಸಿ ಕಲಿತದ್ದು ಬಹಳ: ಸಗಟಿನಲ್ಲಿ ಕೊಳ್ಳುವ ಚೌಕಾಸಿ, ಕೊಳೆತು ಹೋಗುವ ತರಕಾರಿಯ ನಷ್ಟ, ಸ್ವಂತ ಬ್ರ್ಯಾಂಡಿನ ಬೇಳೆಯಲ್ಲಿ ಉಳಿಯುವ ನಾಲ್ಕು ಕಾಸು. ಮನೆಗೆ ತಲುಪಿಸಲು ಹೊತ್ತಿನ ಸ್ಲಾಟ್ ಇಟ್ಟರು. ಒಂದೇ ಬಡಾವಣೆಯ ಹಲವು ಆರ್ಡರ್ ಒಂದೇ ವ್ಯಾನಿನಲ್ಲಿ ಹೋದರೆ ಡೀಸೆಲ್ಲೂ ಉಳಿತಾಯ, ಆಳಿನ ಹೊತ್ತೂ ಉಳಿತಾಯ. 2021ರಲ್ಲಿ ಟಾಟಾ ಸಮೂಹ ಕಂಪನಿಯ ಬಹುಪಾಲು ಷೇರು ಕೊಂಡಿತು.

‘ಸೋತವರೇ ಮುಂದೆ ಗೆಲ್ಲುವವರು’ ಎಂದು ಸ್ಟಾರ್ಟಪ್ ವೇದಿಕೆಗಳಲ್ಲಿ ಕೇಳಿಬರುವ ಮಾತಿಗೆ ಇದರಿಂದ ಪುಷ್ಟಿ ಸಿಕ್ಕಿತೆಂದು ತಿಳಿಯಬೇಕಿಲ್ಲ. ಅಮೆರಿಕದಲ್ಲಿ ಸಂಶೋಧಕ ಪಾಲ್ ಗೊಂಪರ್ಸ್ ಮತ್ತು ಸಂಗಡಿಗರು ಹೂಡಿಕೆ ಪಡೆದ ಉದ್ಯಮಿಗಳ ದಾಖಲೆ ಜಾಲಾಡಿದಾಗ, ಹಿಂದೆ ಗೆದ್ದವರು ಮತ್ತೆ ಗೆಲ್ಲುವ ಸಾಧ್ಯತೆ ಶೇ 30ರಷ್ಟಿತ್ತು. ಮೊದಲ ಸಲದವರದು ಶೇ 20ರ ಆಸುಪಾಸು. ಒಮ್ಮೆ ಸೋತವರು ಈ ಹೊಸಬರಿಗಿಂತ ಮುಂದಿದ್ದದ್ದು ಒಂದೆರಡು ಅಂಶ ಮಾತ್ರ. ಕೈ ಸುಟ್ಟುಕೊಂಡದ್ದೇ ವಿದ್ಯೆಯಾಗಿದ್ದರೆ ಈ ಅಂತರ ಇನ್ನೂ ದೊಡ್ಡದಿರಬೇಕಿತ್ತು. ಮೌಂಟ್ಜ್ ಒಂದು ಆರ್ಡರಿನ ಖರ್ಚನ್ನು ಬಿಡಿಸಿ ನೋಡಿದರು. ಮಾರುಕಟ್ಟೆಯನ್ನೋ ಹಣೆಬರಹವನ್ನೋ ದೂರಿ ಎದ್ದುಹೋದವರಿಗೆ ಅದೇ ಗೋದಾಮು ಏನನ್ನೂ ಕಲಿಸಲಿಲ್ಲ.

ಕಲಿತ ಪಾಠವೂ ಹಳತಾಗುತ್ತದೆ ಎಂಬುದು ಇನ್ನೊಂದು ತೊಡಕು. ನ್ಯೂಯಾರ್ಕಿನ ಕಾಸ್ಮೊ ಡಾಟ್ ಕಾಂ 1998ರಿಂದಲೇ ಐಸ್‌ಕ್ರೀಮ್, ಸಿನಿಮಾ ಕ್ಯಾಸೆಟ್‌ಗಳನ್ನು ಗಂಟೆಯೊಳಗೆ ಬಿಟ್ಟಿಯಾಗಿ ತಲುಪಿಸುತ್ತಿತ್ತು. ಸಣ್ಣ ಆರ್ಡರ್‌ಗಳ ಸಾಗಣೆ ಖರ್ಚು ಏರುತ್ತಾ ಹೋಗಿ 2001ರ ಏಪ್ರಿಲ್‌ನಲ್ಲಿ ಮುಚ್ಚಿತು. ಪುಟ್ಟ ಆರ್ಡರನ್ನು ಗಡಿಬಿಡಿಯಲ್ಲಿ ಒಯ್ದರೆ ಉಳಿಗಾಲವಿಲ್ಲ ಎಂಬುದು ಬಹುಕಾಲ ಈ ವ್ಯಾಪಾರದ ಸಿದ್ಧಸೂತ್ರವಾಗಿತ್ತು. ಬಿಗ್‌ಬಾಸ್ಕೆಟ್‌ನ ಸ್ಲಾಟ್ ಪದ್ಧತಿಯೂ ಆ ನಂಬಿಕೆಗೆ ಹತ್ತಿರದ್ದೇ ಆಗಿತ್ತು. 2021ರಿಂದೀಚೆಗೆ ಬ್ಲಿಂಕಿಟ್, ಜೆಪ್ಟೊಗಳು ಬಡಾವಣೆಗೊಂದು ಪುಟ್ಟ ಗೋದಾಮು ಮಾಡಿ ಕೊತ್ತಂಬರಿ ಕಟ್ಟನ್ನೂ ಹತ್ತು ನಿಮಿಷದಲ್ಲಿ ತಂದುಕೊಡತೊಡಗಿದವು. ಬಿಗ್‌ಬಾಸ್ಕೆಟ್ ಕೂಡ ಬಿಬಿನೌ ಎಂಬ ಹೆಸರಿನಲ್ಲಿ ಅದೇ ಹಾದಿ ಹಿಡಿಯಬೇಕಾಯಿತು. ಆದರೆ ಕಾಸ್ಮೊ ಬಿಟ್ಟಿಯಾಗಿ ಮಾಡಿದ್ದನ್ನು ಇವು ಬಿಟ್ಟಿಯಾಗಿ ಮಾಡಲಿಲ್ಲ. ಇಂಥ ಆ್ಯಪ್‌ಗಳ ಬಿಲ್ಲಿನ ಕೊನೆಯಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಕಾಣಿಸಿಕೊಂಡಿತು, ಆರ್ಡರ್ ತೀರಾ ಚಿಕ್ಕದಾದರೆ ಸ್ಮಾಲ್ ಕಾರ್ಟ್ ಫೀ ಕೂಡ ಸೇರುತ್ತಿತ್ತು.