ಯೀಸ್ಟ್ ಸೋಂಕು: ಕಾರಣ, ಲಕ್ಷಣ ಮತ್ತು ಚಿಕಿತ್ಸೆ

ಯೀಸ್ಟ್ ಎಂಬುದು ಏಕಕೋಶದ ಶಿಲೀಂಧ್ರ. ಇದರ ಒಂದು ಬಗೆಯಾದ ಕ್ಯಾಂಡಿಡಾ, ಆರೋಗ್ಯವಂತರ ಬಾಯಿ, ಕರುಳು ಹಾಗೂ ಜನನಾಂಗದಲ್ಲಿ ತೊಂದರೆ ಕೊಡದೆ ಇರುತ್ತದೆ. ಸದಾ ತೇವ, ಗರ್ಭಾವಸ್ಥೆ, ಪ್ರತಿಜೀವಕ ಔಷಧಗಳ ಸೇವನೆ ಅಥವಾ ಮಧುಮೇಹದಿಂದ ಸಮತೋಲನ ತಪ್ಪಿದಾಗ ಅದು ಮಿತಿಮೀರಿ ಬೆಳೆದು ಸೋಂಕಾಗುತ್ತದೆ.

ದೂಧಗಂಗಾ ತೀರದ ಸದಲಗಾ ಪರಿಸರದಲ್ಲಿ ಕಬ್ಬಿಗೆ ನೀರು ಹಾಯಿಸುವವರ ಕಾಲ್ಬೆರಳ ಸಂದುಗಳು ದಿನವಿಡೀ ಒದ್ದೆಯಾಗಿರುತ್ತವೆ. ಅಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುವ ಕೆಸರುಹುಣ್ಣಿಗೆ ಇತರ ಶಿಲೀಂಧ್ರಗಳಂತೆ ಯೀಸ್ಟ್ ಸಹ ಕಾರಣವಾಗಬಹುದು. ಕೆಲಸ ಮುಗಿದ ಕೂಡಲೇ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸತಕ್ಕದ್ದು.

ಮಹಿಳೆಯರಲ್ಲಿ ಜನನಾಂಗದ ತುರಿಕೆ, ಉರಿ ಹಾಗೂ ಒಡೆದ ಮೊಸರಿನಂತಹ ಬಿಳಿ ಸ್ರಾವ ಮುಖ್ಯ ಲಕ್ಷಣಗಳು. ಇದನ್ನು ‘ಉಷ್ಣ’ವೆಂದು ತಿಳಿದು, ಸಂಕೋಚದಿಂದ ತಿಂಗಳುಗಟ್ಟಲೆ ಸಹಿಸುವ ಅಗತ್ಯವಿಲ್ಲ. ಕ್ಲೋಟ್ರಿಮಜೋಲ್‌ನಂತಹ ಔಷಧಗಳಿಂದ ಬಹುತೇಕ ಪ್ರಕರಣಗಳು ಸುಮಾರು ಒಂದು ವಾರದಲ್ಲಿ ಗುಣವಾಗುತ್ತವೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾತ್ರೆ ನುಂಗಬಾರದು.

ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಹೆಚ್ಚು ಅಪಾಯಕಾರಿ. ನವೆ ತಕ್ಷಣ ತಗ್ಗುವುದರಿಂದ ಗುಣವಾಯಿತೆಂಬ ಭ್ರಮೆ ಮೂಡುತ್ತದೆ. ಆದರೆ ಚರ್ಮ ತೆಳುವಾಗಿ, ಸೋಂಕು ಹರಡುತ್ತಲೇ ಇರುತ್ತದೆ. ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮಿಸಿದೆ.

ಸೋಂಕು ಪದೇ ಪದೇ ಮರುಕಳಿಸಿದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಅವಶ್ಯ. ಮಧುಮೇಹವಿರುವುದು ಕೆಲವರಿಗೆ ತಿಳಿಯುವುದೇ ಹೀಗೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿರುತ್ತದೆ.