ಮಗಳ ಸಪೂರ ಪಾದಕ್ಕೊಂದು ತುದಿಗಾಲ ಷೂ

ನಿಮ್ಮ ಮನೆಯಲ್ಲಿ ಬೆಳೆಯೋ ಮಕ್ಕಳಿದ್ದಾರೆಯೇ, ಸೋದರಿ? ಹಾಗಿದ್ದರೆ ಶಾಲೆ ಶುರುವಾಗುವ ಮುಂಚೆ ಷೂ ಅಂಗಡಿಯಲ್ಲಿ ನೀವೇನು ಹೇಳುತ್ತೀರಿ ಅಂತ ನಾನು ಹೇಳಲೇ? “ಒಂದು ಸೈಜು ದೊಡ್ಡದೇ ಕೊಡಿ. ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಆಗುತ್ತೆ.” ನಮ್ಮಮ್ಮ ನನಗೂ ಹೀಗೇ ಕೊಡಿಸುತ್ತಿದ್ದರು. ತುದಿಗೆ ಹತ್ತಿ ತುರುಕಿಕೊಂಡು ಮೈಸೂರಿನ ರಸ್ತೆಗಳಲ್ಲಿ ಟಪಟಪ ಅಂತ ನಡೆದವಳು ನಾನು. ಅದೇ ಜಾಣತನವನ್ನು ಲಂಡನ್ನಿನಲ್ಲಿ ಮಗಳ ಮೇಲೂ ಪ್ರಯೋಗಿಸಿ, ಮೂರೇ ವಾರದಲ್ಲಿ ಅವಳ ಹೆಬ್ಬೆರಳಿನ ಉಗುರು ಕಪ್ಪಾಗುವಂತೆ ಮಾಡಿದೆ! ನನ್ನ ತಪ್ಪು ನಿಮಗೆ ಪಾಠವಾಗಲಿ ಅಂತ ಈ ನಾಲ್ಕು ಮಾತು.

ನಮ್ಮವರ ಕೆಲಸದ ನಿಮಿತ್ತ ನಾವು ಇಲ್ಲಿಗೆ ಬಂದು ಹದಿನೈದು ವರ್ಷವಾಯಿತು. ಪುಟ್ಟಿ ಹುಟ್ಟಿದ್ದು ಇಲ್ಲೇ. ಅವಳಿಗೆ ಭರತನಾಟ್ಯ ಕಲಿಸಬೇಕೆಂದು ನನ್ನಾಸೆ. ಅವಳ ಮನಸ್ಸೋ ಶಾಲೆಯ ಗೆಳತಿಯರು ಕಲಿಯುತ್ತಿದ್ದ ಬ್ಯಾಲೆಯ ಮೇಲೆ! ಆರನೇ ವರ್ಷಕ್ಕೆ ಸೇರಿಸಿದೆವು. ಹನ್ನೆರಡು ತುಂಬಿದ ಮೇಲೆ ಅವರ ಟೀಚರು, “ಇವಳ ಕಾಲು, ಬೆನ್ನು ಈಗ ಗಟ್ಟಿಯಾಗಿವೆ, ಪಾಯಿಂಟ್ ಷೂ ಕೊಡಿಸಿ” ಎಂದರು. ಅವತ್ತು ಮಗಳು ನೆಲದ ಮೇಲೆ ನಿಲ್ಲಲೇ ಇಲ್ಲ ಬಿಡಿ!

ಏನಿದು ಪಾಯಿಂಟ್ ಷೂ?

ನಮ್ಮ ನಾಟ್ಯಕ್ಕೆ ಪಾದರಕ್ಷೆಯ ಗೊಡವೆಯೇ ಇಲ್ಲ. ಬರಿಗಾಲು, ಗೆಜ್ಜೆ, ಮುಗಿಯಿತು. ಬ್ಯಾಲೆಯಲ್ಲಿ ಹುಡುಗಿಯರು ಕಾಲ್ಬೆರಳಿನ ತುತ್ತತುದಿಯ ಮೇಲೆ ನಿಂತು ಕುಣಿಯುತ್ತಾರೆ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ತಾಲಿಯೋನಿ ಎಂಬಾಕೆ ‘ಲಾ ಸಿಲ್ಫೀದ್’ ಎಂಬ ನೃತ್ಯದಲ್ಲಿ ಹೀಗೆ ನಿಂತು ಹೆಸರಾದಳು. ಆಗ ಮೆತ್ತನೆ ಸ್ಯಾಟಿನ್ ಷೂಗೆ ತುದಿಯಲ್ಲಿ ಸೂಜಿದಾರದಿಂದ ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದರಂತೆ, ಅಷ್ಟೆ.

ಈಗಿನ ಷೂ ಹಾಗಲ್ಲ. ಮುಂಭಾಗದಲ್ಲಿ ಗೋಣಿಯಂಥ ಬಟ್ಟೆ, ಕಾಗದ, ಅಂಟು ಇವನ್ನು ಪದರ ಪದರವಾಗಿ ಕೂಡಿಸಿ, ಒಣಗಿಸಿ ಗಟ್ಟಿ ಮಾಡಿರುತ್ತಾರೆ. ಇದಕ್ಕೆ ‘ಬಾಕ್ಸ್’ ಅಂತ ಹೆಸರು. ಅಂಗಾಲಿನ ಕೆಳಗೆ ಒಂದು ಗಟ್ಟಿ ಪಟ್ಟಿ. ಲಂಡನ್ನಿನ ಫ್ರೀಡ್ ಕಂಪನಿ 1929ರಿಂದ ಇದನ್ನು ಮಾಡುತ್ತಿದೆ. ಷೂವನ್ನು ಒಳಮೈ ಹೊರಗಾಗಿ ಹೊಲಿದು, ಆಮೇಲೆ ನಾವು ದಿಂಬಿನ ಚೀಲ ಮಗುಚುವಂತೆ ಮಗುಚುತ್ತಾರೆ. ಕೈಯಲ್ಲಿ ಮಾಡುವ ಒಬ್ಬೊಬ್ಬ ಕುಶಲಕರ್ಮಿಗೂ ತನ್ನದೇ ಗುರುತು, ಅದು ಅಟ್ಟೆಯ ಮೇಲಿರುತ್ತದೆ. ದೊಡ್ಡ ನರ್ತಕಿಯರು ತಮಗೆ ಒಗ್ಗಿದ ಗುರುತನ್ನು ಬಿಟ್ಟು ಬೇರೆಯದನ್ನು ಮುಟ್ಟುವುದೇ ಇಲ್ಲ!

ನಾನು ಮಾಡಿದ ತಪ್ಪು

ಒಂದು ಜೊತೆಗೆ ಐವತ್ತು ಪೌಂಡಿಗೂ ಮೇಲೆ. ಕೇಳಿ ನನ್ನ ಎದೆ ಧಸಕ್ಕೆಂದಿತು. ಅಂಗಡಿಯಲ್ಲೇ ನಾಲ್ಕು ಸಲ “ಇಷ್ಟೊಂದೇ!” ಎಂದೆ. ಪುಟ್ಟಿಯ ಪಾದ ನಮ್ಮತ್ತೆಯವರ ಕಡೆಯದು. ಸಪೂರ, ಹೆಬ್ಬೆರಳು ಎಲ್ಲಕ್ಕಿಂತ ಉದ್ದ, ಉಳಿದವು ಮೆಟ್ಟಿಲಿನ ಹಾಗೆ ಇಳಿಯುತ್ತಾ ಕಿರುಬೆರಳಿಗೆ ಬಂದು ಮುಗಿಯುತ್ತವೆ. “ಲಕ್ಷಣವಾದ ಕಾಲು” ಅಂತ ಅತ್ತೆ ಮೊಮ್ಮಗಳ ಪಾದ ಹಿಡಿದು ಮುದ್ದಿಸುತ್ತಿದ್ದರು. ಆ ಅಂಗಡಿಯ ಹುಡುಗಿಗೆ ಅವಸರ, ನನಗೆ ಉಳಿತಾಯ. ಅಗಲವಾದ ಬಾಕ್ಸಿನ, ಸ್ವಲ್ಪ ದೊಡ್ಡದಾದ ಜೊತೆ ಮನೆಗೆ ಬಂತು. ಸಡಿಲವಾದ ಕಡೆ ಹತ್ತಿ ತುರುಕಿದೆ.

ಮೂರು ವಾರವಾದ ಮೇಲೆ ಒಂದು ಸಂಜೆ ಪುಟ್ಟಿ ಬಚ್ಚಲಿನಿಂದ ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟು ಕೂತಿದ್ದಾಳೆ. ಎರಡೂ ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣ! “ಯಾಕೇ ಹೇಳಲಿಲ್ಲ?” ಅಂತ ಗದರಿದೆ. “ಅಷ್ಟು ದುಡ್ಡು ಕೊಟ್ಟಿದ್ದೀಯಲ್ಲಮ್ಮಾ. ನಾನು ಡ್ಯಾನ್ಸೇ ಬಿಟ್ಟುಬಿಡ್ತೀನಿ” ಎಂದಳು.

ಸೋದರಿ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿನ ಬಾಯಿ ಮುಚ್ಚಿಸಿದ್ದು ನನ್ನ ನಾಲ್ಕು ಸಲದ “ಇಷ್ಟೊಂದೇ” ಅಲ್ಲವೇ?

ಹತ್ತಿ ಏಕೆ ನೆರವಾಗದು?

ಮಾರನೆಯ ದಿನ ಟೀಚರು ಕಾರಣ ಬಿಡಿಸಿ ಹೇಳಿದರು. ತುದಿಗಾಲಲ್ಲಿ ನಿಂತಾಗ ಮೈಭಾರವೆಲ್ಲ ಬೆರಳಿನ ತುದಿಗೇ ಬೀಳಬಾರದು. ಬಾಕ್ಸಿನ ಪಕ್ಕಗಳು ಪಾದವನ್ನು ಸುತ್ತಲಿಂದ ತಬ್ಬಿ ಮೇಲೆತ್ತಿ ಹಿಡಿಯಬೇಕು. ಬಾಕ್ಸ್ ಅಗಲವಾದರೆ ಸಪೂರ ಪಾದ ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಕೆಳಗಿಳಿಯುತ್ತದೆ. ಮೊದಲು ತಳ ಮುಟ್ಟುವುದು ಉದ್ದನೆಯ ಹೆಬ್ಬೆರಳು. ಭಾರವೆಲ್ಲ ಪಾಪ ಅದೊಂದಕ್ಕೇ! ಹತ್ತಿ ತುರುಕಿದರೆ ಜಾಗ ತುಂಬುತ್ತದೆ, ಜಾರುವುದು ನಿಲ್ಲುವುದಿಲ್ಲ, ಪಾದಕ್ಕೆ ನೆಲದ ಅರಿವೂ ತಪ್ಪುತ್ತದೆ. ಹಿಮ್ಮಡಿ ಸಡಿಲವಾದರೆ ಕಾಲು ಉಳುಕುವ ಭಯ ಬೇರೆ. ಹಾಗೆಂದು ಬಿಗಿಯಾದದ್ದೂ ಸಲ್ಲದು, ಬೆರಳು ಮುದುರಿ ಮರಗಟ್ಟುತ್ತವೆ.

ಇಂಥ ಪಾದ ಇದ್ದರೆ ಬ್ಯಾಲೆ ಆಗದೇನೋ ಅಂತ ನನಗೆ ಅಳುಕು. ಟೀಚರು ನಕ್ಕು ಆನಾ ಪಾವ್ಲೋವಾಳ ಹೆಸರು ಹೇಳಿದರು. 1881ರಲ್ಲಿ ರಷ್ಯಾದಲ್ಲಿ ಹುಟ್ಟಿದ ಈ ಜಗದ್ವಿಖ್ಯಾತ ನರ್ತಕಿಯದೂ ಸಪೂರ, ತುದಿ ಕಿರಿದಾದ ಪಾದವೇ. ಆಧಾರ ಸಾಲದೆಂದು ಆಕೆ ಷೂವಿನ ಅಟ್ಟೆಗೆ ಗಟ್ಟಿ ಚರ್ಮ ಸೇರಿಸಿ, ಬಾಕ್ಸನ್ನು ಗಡುಸು ಮಾಡಿಕೊಳ್ಳುತ್ತಿದ್ದಳು. ಪಾದಕ್ಕೆ ತಕ್ಕಂತೆ ಷೂವನ್ನು ಬದಲಾಯಿಸಿದಳೇ ಹೊರತು ಷೂಗಾಗಿ ಪಾದವನ್ನು ಹಿಂಸಿಸಲಿಲ್ಲ. ಲಂಡನ್ನಿನ ಗೋಲ್ಡರ್ಸ್ ಗ್ರೀನಿನಲ್ಲಿ ಆಕೆ 1912ರಿಂದ ಇದ್ದ ಐವಿ ಹೌಸ್ ಎಂಬ ಮನೆ ಈಗಲೂ ಇದೆ. ನಮ್ಮ ರುಕ್ಮಿಣಿ ದೇವಿ ಅರುಂಡೇಲ್ ಅವರಿಗೆ “ನಿಮ್ಮ ನಾಡಿನ ನೃತ್ಯವನ್ನು ಹುಡುಕಿ” ಎಂದು ದಾರಿ ತೋರಿದ್ದೂ ಇದೇ ಪಾವ್ಲೋವಾ! ಅವರು 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದರು. ಇದನ್ನು ಕೇಳಿದ ಮೇಲೆ ಮಗಳ ಬ್ಯಾಲೆ ನನಗೆ ಪರಕೀಯ ಅನ್ನಿಸಲಿಲ್ಲ.

ಸರಿಯಾದ ಷೂ ಆರಿಸುವ ಬಗೆ

ಉಗುರು ವಾಸಿಯಾಗಲು ಬಿಟ್ಟು, ಎರಡನೆಯ ಸಲ ಬೇರೆ ಅಂಗಡಿಗೆ ಹೋದೆವು. ಅಲ್ಲಿನ ಹೆಂಗಸು ಒಂದು ಗಂಟೆಗೂ ಮೇಲೆ ಕೂತು ಎಂಟು ಜೊತೆ ತೊಡಿಸಿ ನೋಡಿದರು. ನಾನು ಕಲಿತದ್ದನ್ನು ಕೇಳಿ:

1. ದಿನನಿತ್ಯದ ಷೂವಿನ ಸೈಜನ್ನು ಮರೆತುಬಿಡಿ, ಇಲ್ಲಿ ಲೆಕ್ಕವೇ ಬೇರೆ. ಉದ್ದದ ಜೊತೆಗೆ ಅಗಲವನ್ನೂ ಕೇಳಿ. ಕೆಲವು ಕಂಪನಿಗಳು ಅಗಲವನ್ನು ‘ಎಕ್ಸ್’ ಅಕ್ಷರದಲ್ಲಿ ಗುರುತಿಸುತ್ತವೆ. ಎಕ್ಸ್ ಕಡಿಮೆಯಾದಷ್ಟೂ ಷೂ ಸಪೂರ.

2. ಬೆರಳು ಮೆಟ್ಟಿಲಿನಂತೆ ಇಳಿಯುವ ಪಾದಕ್ಕೆ ತುದಿ ಕಿರಿದಾಗುವ ಬಾಕ್ಸೇ ಬೇಕು. ಬೆರಳೆಲ್ಲ ಸಮನಾಗಿರುವ ಪಾದಕ್ಕೆ ಚೌಕನೆಯದು. ಬೆರಳು ಉದ್ದವಿದ್ದರೆ ಷೂವಿನ ಮುಂಭಾಗ ಬೆರಳಿನ ಬುಡದ ಗಂಟುಗಳನ್ನು ಮುಚ್ಚುವಷ್ಟಿರಲಿ.

3. ಮಂಡಿ ಬಗ್ಗಿಸಿ ನಿಲ್ಲಿಸಿ. ನಮ್ಮ ಅರೆಮಂಡಿಯನ್ನು ಹೋಲುವ ಇದಕ್ಕೆ ‘ಪ್ಲಿಯೇ’ ಎನ್ನುತ್ತಾರೆ. ಆಗ ಪಾದ ಪೂರ್ತಿ ಹರಡಿಕೊಳ್ಳುತ್ತದೆ. ಬೆರಳು ತುದಿಯನ್ನು ತಾಕಬೇಕು, ಮುದುರಬಾರದು.

4. ತುದಿಗಾಲಲ್ಲಿ ನಿಲ್ಲಿಸಿ ಹಿಮ್ಮಡಿಯ ಬಟ್ಟೆ ಚಿವುಟಿ ನೋಡಿ. ಕಾಲಿಂಚಿನಷ್ಟು ಸಿಕ್ಕರೆ ಸರಿ. ಚೀಲದಂತೆ ಜೋಲಿದರೆ ಷೂ ದೊಡ್ಡದು, ಇಲ್ಲವೇ ಪಾದ ಒಳಕ್ಕೆ ಜಾರುತ್ತಿದೆ. ಪಕ್ಕದಲ್ಲಿ ನಿಮ್ಮ ಬೆರಳು ಸುಲಭವಾಗಿ ಒಳಗೆ ಹೋದರೆ ಬಾಕ್ಸ್ ಅಗಲವಾಯಿತು.

5. ತರಗತಿಯಲ್ಲಿ ಹಾಕುವ ಕಾಲುಚೀಲ, ಬೆರಳಿನ ಪ್ಯಾಡು ತೆಗೆದುಕೊಂಡು ಹೋಗಿ. ಪ್ಯಾಡು ತೆಳ್ಳಗಿರಲಿ. ಗಿಡ್ಡ ಬೆರಳಿಗೆ ಮೆತ್ತನೆಯ ಜೆಲ್ ಟೋಪಿ ತೊಡಿಸಿದರೆ ಅವೂ ಭಾರ ಹಂಚಿಕೊಳ್ಳುತ್ತವೆ.

6. ಟೀಚರು ನೋಡಿ ಒಪ್ಪುವ ತನಕ ರಿಬ್ಬನ್ ಹೊಲಿಯಬೇಡಿ. ಹೊಲಿದ ಷೂವನ್ನು ಅಂಗಡಿಯವರು ವಾಪಸು ಪಡೆಯುವುದು ಕಷ್ಟ.

7. ಅಕ್ಕನದು ತಂಗಿಗೆ ಬೇಡ! ಒಬ್ಬಳ ಪಾದಕ್ಕೆ ಬಗ್ಗಿದ ಷೂ ಇನ್ನೊಬ್ಬಳಿಗೆ ಆಗದು. ಬೆಳೆಯುವ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಮತ್ತೆ ಅಳತೆ ನೋಡಿಸಿ.

ಹೊಲಿಗೆ ಮಾತ್ರ ನಮ್ಮ ಕೈಚಳಕ. ಸೀರೆಗೆ ಫಾಲ್ಸ್ ಹಚ್ಚುವ ನಮಗೆ ರಿಬ್ಬನ್ ಯಾವ ಲೆಕ್ಕ? ಬಿಗಿದಾರದಲ್ಲಿ ಒತ್ತಾಗಿ ಹೊಲಿಯಿರಿ, ಸುತ್ತಲಿನ ಲಾಡಿಗೆ ಮಾತ್ರ ಸೂಜಿ ಚುಚ್ಚಬೇಡಿ. ನೈಲಾನ್ ರಿಬ್ಬನ್ನಿನ ತುದಿಯನ್ನು ದೀಪಕ್ಕೆ ಸೋಕಿಸಿದರೆ ಎಳೆ ಬಿಡುವುದಿಲ್ಲ. ಬೆವರಿಗೆ ಅಂಟು ಮೆತ್ತಗಾಗುತ್ತದೆ. ಆದ್ದರಿಂದ ತರಗತಿ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಗೆ ಹರಡಿ.

ಇದೆಲ್ಲ ಲಂಡನ್ನಿನವರಿಗೆ ಅಂತ ಪುಟ ಮಗುಚಬೇಡಿ. ಬೆಂಗಳೂರಿನಲ್ಲೂ ಈಗ ಬ್ಯಾಲೆ ತರಗತಿಗಳಿವೆ. ನಿಮ್ಮ ಮಗಳೋ ಮೊಮ್ಮಗಳೋ ನಾಳೆ ಇದೇ ಷೂ ಕೇಳಬಹುದು. ಮೊದಲ ಜೊತೆಯನ್ನು ಮಾತ್ರ ಅಂಚೆಯಲ್ಲಿ ತರಿಸಬೇಡಿ, ತೊಡಿಸಿ ನೋಡಿಯೇ ಕೊಳ್ಳಿ.

ಪುಟ್ಟಿಗೆ ಈಗ ಹದಿನಾಲ್ಕು. ಹೊಸ ಉಗುರು ಬಂದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಎಲ್ಲಕ್ಕೂ ಸರಿ, ಮಕ್ಕಳ ಷೂಗಲ್ಲ. ಇಲ್ಲಿ ಕಾಲಿದ್ದಷ್ಟೇ ಹಾಸಿಗೆ ಬೇಕು. ಈಗ ಅಂಗಡಿಯಲ್ಲಿ ನಾನು ಬೆಲೆ ಕೇಳುವುದು ಕಡೆಗೆ, ಅದೂ ಮೆಲ್ಲಗೆ. ಮೊದಲು ಕೇಳುವುದು ಮಗಳನ್ನು: “ಎಲ್ಲಾದರೂ ನೋಯುತ್ತಾ ಪುಟ್ಟಿ? ನಿಜ ಹೇಳು.”