ಕಂಪಿಸುವ ಕೊಳವೆ, ಕುದಿಯುವ ಹಂಡೆ

ಗೋವಾ ಪ್ರವಾಸ ಮುಗಿಸಿ ಬಂದ ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ‘ಅಲ್ಲೊಂದು ಸಣ್ಣ ಜಿನ್ ಭಟ್ಟಿ ನೋಡಿದೆ. ತಾಮ್ರದ ಹಂಡೆ ನೋಡಲು ಮುತ್ತಾತನ ಕಾಲದ್ದು, ಆದರೆ ಮೈತುಂಬ ವೈರು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಗೆರೆಗಳು ಏರಿಳಿಯುತ್ತಿದ್ದವು. ಫೆನಿ ಇಳಿಸುವವರು ತಲೆಮಾರುಗಳಿಂದ ಇದ್ಯಾವುದೂ ಇಲ್ಲದೆ ಇಳಿಸುತ್ತಿಲ್ಲವೇ? ಇದೆಲ್ಲ ಪ್ರವಾಸಿಗರಿಗೆ ತೋರಿಸುವ ಶೋಕಿಯೇ?’

ಶೋಕಿಯಲ್ಲ ಸ್ವಾಮಿ. ಫೆನಿಯವರೂ ಅಳೆಯದೆ ಇಳಿಸುವುದಿಲ್ಲ. ಬಾಟಲಿ ಕುಲುಕಿ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾರೆ, ತೇಲುವ ಗಾಜಿನ ಮಾಪಕ ಬಿಟ್ಟು ‘ಗ್ರಾವ್’ ಎಂಬ ಕಡುಪಿನ ಲೆಕ್ಕ ಹಿಡಿಯುತ್ತಾರೆ. ಅವರಲ್ಲಿ ಇಲ್ಲದ್ದು ಅಳತೆಯಲ್ಲ, ಅಳತೆಯ ದಾಖಲೆ.

ಹಂಡೆಯ ಕತ್ತಿನಲ್ಲಿ ಕೂತ ಥರ್ಮಾಮೀಟರನ್ನೇ ನೋಡಿ. ಶುದ್ಧ ಆಲ್ಕೋಹಾಲ್ 78.4 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹಾಗೆಂದು 78ಕ್ಕೆ ಆಲ್ಕೋಹಾಲೆಲ್ಲ ಹೊರಟು, ಆಮೇಲೆ ನೀರಿನ ಸರದಿ ಬರುವುದಿಲ್ಲ. ಎರಡೂ ಕೈಹಿಡಿದೇ ಏಳುತ್ತವೆ. ಶೇ. 8 ಆಲ್ಕೋಹಾಲ್ ಇರುವ ಹುದುಗು ಕುದಿಯತೊಡಗಿದಾಗ ಮೊದಲು ಏಳುವ ಆವಿಯಲ್ಲಿ ಆಲ್ಕೋಹಾಲು ಹತ್ತಿರಹತ್ತಿರ ಅರ್ಧದಷ್ಟಿರುತ್ತದೆ. ಹಂಡೆಯಲ್ಲಿ ಅದು ತೀರುತ್ತಾ ಬಂದಂತೆ ಆವಿಯ ಬಿಸಿ ಏರುತ್ತದೆ. ಅಂದರೆ ಆ ಥರ್ಮಾಮೀಟರು ಹೇಳುವುದು ಈ ಕ್ಷಣದ ಆವಿಯಲ್ಲಿ ಆಲ್ಕೋಹಾಲು ಎಷ್ಟಿದೆ ಎಂಬುದನ್ನು. ಆದರೆ ವಾಯುಭಾರ ಗೊತ್ತಿಲ್ಲದೆ ಅದರ ಮಾತು ನಂಬುವಂತಿಲ್ಲ. ಸಮುದ್ರಮಟ್ಟದ ಗೋವಾದಲ್ಲಿ ಬರೆದಿಟ್ಟ ಅಂಕಿಯನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಎರಡೂವರೆ, ಮೂರು ಡಿಗ್ರಿ ವ್ಯತ್ಯಾಸ. ಒಂದೇ ಊರಿನಲ್ಲೂ ಮಳೆ ಮೋಡ ಕವಿದ ದಿನ ಕಾಲು ಡಿಗ್ರಿ ಆಚೀಚೆಯಾಗಬಹುದು; ಆವಿ ಗಾಢವಾಗಿರುವಾಗ ಕಾಲು ಡಿಗ್ರಿಯೂ ಸಣ್ಣದಲ್ಲ. ಹಂಡೆಯ ಪಕ್ಕ ವಾಯುಭಾರ ಮಾಪಕವನ್ನೂ ಜೋಡಿಸುವುದು ಇದಕ್ಕೇ.

ಇಲ್ಲೊಂದು ಹಠಮಾರಿ ನಂಬಿಕೆಯ ಕಿವಿ ಹಿಂಡಬೇಕು. ‘ಮೆಥನಾಲ್ 64.7 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಮೊದಲ ಲೋಟ ಚೆಲ್ಲಿದರೆ ವಿಷ ಹೋಯಿತು’ ಎನ್ನುವವರು ವಿದ್ಯಾವಂತರಲ್ಲೂ ಇದ್ದಾರೆ. ಒಂಟಿಯಾಗಿದ್ದಾಗಿನ ಕುದಿಬಿಂದು ಮಿಶ್ರಣದಲ್ಲಿ ನಡೆಯುವುದಿಲ್ಲ. ಮೆಥನಾಲಿಗೆ ನೀರಿನ ಸಖ್ಯ ಜಾಸ್ತಿ. ಸಾದಾ ಹಂಡೆಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಹಂಚಿಕೊಂಡು ಬರುತ್ತದೆ. ಮೊದಲ ಭಾಗದಲ್ಲಿ ತೊಲಗುವುದು ಉಗುರುಬಣ್ಣದ ವಾಸನೆಯ ಈಥೈಲ್ ಅಸಿಟೇಟು, ಅಸಿಟಾಲ್ಡಿಹೈಡಿನಂಥವು. ಹಣ್ಣಿನ ಪೆಕ್ಟಿನ್‌ನಿಂದ ಅಲ್ಪಸ್ವಲ್ಪ ಮೆಥನಾಲ್ ಹುಟ್ಟುವುದು ನಿಜ. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಭಟ್ಟಿಯ ಅಚಾತುರ್ಯವಲ್ಲ, ಸಾರಾಯಿಗೆ ಬೆರೆಸಿದ ಮೆಥನಾಲ್. ಇನ್ನು ಚಮಚಕ್ಕೆ ಸುರಿದು ಕಡ್ಡಿ ಗೀರಿ ‘ನೀಲಿ ಉರಿ ಬಂತು, ಅಸಲಿ ಮಾಲು’ ಎನ್ನುವ ಪಂಡಿತರಿಗೆ ಏನು ಹೇಳುವುದು? ಮೆಥನಾಲೂ ನೀಲಿಯಾಗಿಯೇ ಉರಿಯುತ್ತದೆ. ಈ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಈಗ ನನ್ನ ಮೆಚ್ಚಿನ ಯಂತ್ರ. ಭಟ್ಟಿಯಿಂದ ಇಳಿಯುವ ಹನಿಯಲ್ಲಿ ಆಲ್ಕೋಹಾಲ್ ಎಷ್ಟೆಂದು ತಿಳಿಯಲು ಹಿಂದೆ ಒಂದು ನಳಿಗೆ ತುಂಬ ದ್ರವ ಹಿಡಿದು ಹೈಡ್ರೋಮೀಟರ್ ತೇಲಿಸಬೇಕಿತ್ತು. 1967ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ಆಂಟನ್ ಪಾರ್ ಕಂಪನಿ ಬೇರೆಯೇ ದಾರಿ ಹಿಡಿಯಿತು. ‘ಯು’ ಆಕಾರದ ಸಪೂರ ಗಾಜಿನ ಕೊಳವೆಗೆ ಒಂದೆರಡು ಮಿಲಿಲೀಟರ್ ದ್ರವ ತುಂಬಿ, ಕೊಳವೆಯನ್ನೇ ಕಂಪಿಸುವಂತೆ ಮಾಡುವುದು! ಜಲತರಂಗದ ಬಟ್ಟಲಿಗೆ ನೀರು ಹೆಚ್ಚಿದಂತೆ ಸ್ವರ ಇಳಿಯುತ್ತದಲ್ಲ, ಇಲ್ಲೂ ಅಷ್ಟೇ: ಒಳಗಿನ ದ್ರವ ಭಾರವಾದರೆ ಕಂಪನ ನಿಧಾನ, ಹಗುರವಾದರೆ ಚುರುಕು. ಆಲ್ಕೋಹಾಲ್ ನೀರಿಗಿಂತ ಹಗುರ. 20 ಡಿಗ್ರಿಯಲ್ಲಿ ಒಂದು ಮಿಲಿಲೀಟರಿಗೆ 0.789 ಗ್ರಾಂ, ನೀರು 0.998. ಸೆಕೆಂಡಿಗೆ ಕೆಲವು ನೂರು ಬಾರಿ ನಡುಗುವ ಕೊಳವೆಯ ಲಯವನ್ನು ಎಣಿಸಿದರೆ ಸಾಕು, ಸಾಂದ್ರತೆ ಸಿಕ್ಕಿತು. ಕೋಷ್ಟಕದ ಸಹಾಯದಿಂದ ಆಲ್ಕೋಹಾಲಿನ ಪ್ರಮಾಣವೂ ಸಿಕ್ಕಿತು. ಹರಿಯುವ ನಳಿಕೆಗೇ ಇದರ ಜಾತಿಯ ಮಾಪಕವನ್ನು ಕೂರಿಸಬಹುದು. ಹನಿ ವ್ಯರ್ಥವಿಲ್ಲ, ಕ್ಷಣಕ್ಷಣದ ಲೆಕ್ಕ ಕಂಪ್ಯೂಟರಿಗೆ. ಮೊದಲ ಭಾಗ ಬಿಟ್ಟು ನಡುಭಾಗ ಹಿಡಿದದ್ದು ಯಾವಾಗ, ಕೊನೆಯ ಭಾಗಕ್ಕೆ ಹೊರಳಿದ್ದು ಯಾವಾಗ ಎಂಬುದೆಲ್ಲ ಗೆರೆಯಲ್ಲಿ ಕಾಣುತ್ತದೆ. ಒಂದೇ ಎಚ್ಚರಿಕೆ, ಸಕ್ಕರೆ ಬೆರೆತ ಪೇಯ ಇದನ್ನು ಸಲೀಸಾಗಿ ಮೋಸಗೊಳಿಸುತ್ತದೆ: ಸಕ್ಕರೆಯ ಭಾರವನ್ನು ಅದು ‘ಆಲ್ಕೋಹಾಲ್ ಕಡಿಮೆ’ ಎಂದು ಓದಿಬಿಡುತ್ತದೆ.

ದೊಡ್ಡ ಕಾರ್ಖಾನೆಗಿಂತ ಸಣ್ಣ ಭಟ್ಟಿಗೇ ಈ ಗೆರೆ ಹೆಚ್ಚು ಬೇಕು ಎಂಬುದು ನನ್ನ ವಾದ. ವಿಲಿಯಂ ಸೀಲಿ ಗೊಸೆಟ್ ಎಂಬಾತ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಗೆ ಸೇರಿದ. ಬಾರ್ಲಿ, ಹಾಪ್ಸ್‌ಗಳ ಬೆರಳೆಣಿಕೆಯ ನಮೂನೆಗಳಿಂದ ನಂಬುವಂಥ ತೀರ್ಮಾನಕ್ಕೆ ಬರುವುದು ಹೇಗೆ ಎಂಬುದು ಅವನ ತಲೆನೋವಾಗಿತ್ತು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಉತ್ತರ ಪ್ರಕಟಿಸಿದ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಬೈದುಕೊಂಡು ಓದುವ ಟಿ-ಪರೀಕ್ಷೆ ಅದೇ. ಸಣ್ಣ ಭಟ್ಟಿಯದೂ ಅದೇ ಪಾಡು. ಕಳೆದ ಐದು ಸಲ ನಡುಭಾಗ ಸರಾಸರಿ ಶೇ. 72 ಬಂದಿತ್ತು, ಈ ಸಲ 70 ಎಂದಿಟ್ಟುಕೊಳ್ಳಿ. ಏನೋ ಕೆಟ್ಟಿತೇ, ಅಥವಾ ಮಾಮೂಲಿ ಏರುಪೇರೇ? ಆ ಐದೂ ತಮ್ಮತಮ್ಮೊಳಗೆ ಎಷ್ಟು ತೂಗಾಡಿದ್ದವು ಎಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ. ಸರಾಸರಿ ಮಾತ್ರ ನೆನಪಿಟ್ಟುಕೊಂಡ ಮಾಲೀಕ ಹಂಡೆ ಬಿಚ್ಚಿಸಿ ಒಂದು ದಿನ ಕಳೆದುಕೊಳ್ಳುತ್ತಾನೆ.

ಹಾಗಾದರೆ ಮೂಗಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ಡೈಮೀಥೈಲ್ ಟ್ರೈಸಲ್ಫೈಡ್ ಎಂಬ ಗಂಧಕದ ಸಂಯುಕ್ತ ನೂರು ಕೋಟಿ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ, ಕೊಳೆತ ಎಲೆಕೋಸು ಎಂದು ಮುಖ ಸಿಂಡರಿಸುತ್ತದೆ. ಕಂಪಿಸುವ ಕೊಳವೆಗೆ ಅದರ ಸುಳಿವೂ ಹತ್ತದು. ಗಂಧಕವನ್ನು ಹಿಡಿದಿಡಲೆಂದೇ ವಿಸ್ಕಿಯವರು ಇಂದಿಗೂ ತಾಮ್ರದ ಹಂಡೆ ಬಿಟ್ಟಿಲ್ಲ. ಗೆರೆ ನೆಟ್ಟಗಿದ್ದೂ ವಾಸನೆ ಕೆಟ್ಟರೆ, ತಾಮ್ರದ ಒಳಮೈ ತೊಳೆದು ಎಷ್ಟು ದಿನವಾಯಿತು, ಜಿನ್ನಿಗೆ ಹಾಕುವ ಜೂನಿಪರ್ ಕಾಯಿಯ ಹೊಸ ಮೂಟೆ ಒಡೆದದ್ದು ಯಾವ ದಿನ ಎಂದು ಹುಡುಕಬೇಕು. ಇವನ್ನು ಯಾವ ಸೆನ್ಸರೂ ತಾನಾಗಿ ಬರೆದುಕೊಳ್ಳುವುದಿಲ್ಲ. ಭಟ್ಟಿಯವನೇ ಆ ದಿನದ ಗೆರೆಯ ಪಕ್ಕದಲ್ಲಿ, ವೇಳೆ ಹಾಕಿ ಟೈಪು ಮಾಡಬೇಕು.